ಸ್ವಂತ ಟೆಕ್ಸ್ಟ್ ಟೈಪ್, ಫೇಲಾಗುತ್ತಿದ್ದ ರಿಗ್ರೆಶನ್ ಟೆಸ್ಟ್: ನನ್ನ ಅನುಭವ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಸ್ವಂತ ಟೆಕ್ಸ್ಟ್ ಟೈಪ್, ಅಂದರೆ ಪಠ್ಯ ಇಡುವ ಹೊಸ ಡೇಟಾ ಮಾದರಿ, ಮಾಡುತ್ತೇನೆ ಅಂದಾಗ ಜೊತೆಯವರೆಲ್ಲ ಬೇಡ ಅಂದರು. ನನಗೆ ಬೇಕಿದ್ದುದು ಇಷ್ಟೇ: ಕನ್ನಡ ಪದಗಳ ಒಳಗೆ ಅಕ್ಷರ ಕೂಡಿಸುವ, ಬಿಡಿಸುವ, ಕಣ್ಣಿಗೆ ಕಾಣದ ಜಾಯ್ನರ್, ನಾನ್‌ಜಾಯ್ನರ್ ಚಿಹ್ನೆ ಇದ್ದರೂ ಇಲ್ಲದಿದ್ದರೂ ಹೋಲಿಕೆಯಲ್ಲಿ ಎರಡೂ ಒಂದೇ ಆಗಬೇಕು. 12ನೇ ಆವೃತ್ತಿಯಿಂದ ನಾನ್‌ಡಿಟರ್ಮಿನಿಸ್ಟಿಕ್ ಕೊಲೇಶನ್ (ಬೈಟು ಬೇರೆಯಿದ್ದರೂ ಪದ ಒಂದೇ ಅನ್ನಬಲ್ಲ ಹೋಲಿಕೆ ನಿಯಮ) ಇದೆ, ಅದನ್ನೇ ಬಳಸಿ ಅಂದರು. ಆದರೆ ಅದರಲ್ಲಿ ಲೈಕ್ ಹುಡುಕಾಟ (ಪದದ ತುಣುಕು ಕೊಟ್ಟು ಹುಡುಕುವುದು) ನಡೆಯುತ್ತಿರಲಿಲ್ಲ. ಅದು ಬಂದಿದ್ದು 18ರಲ್ಲಿ. ಅಲ್ಲಿಯವರೆಗೆ ಕಾಯೋಕಾಗುತ್ತಾ?

ಟೈಪ್ ಚೆನ್ನಾಗಿಯೇ ಓಡುತ್ತಿತ್ತು. ಒಂದು ದಿನ ಉದ್ದನೆಯ ಪಠ್ಯ ತುಂಬುವಾಗ ಸಾಲು ಪೇಜಿಗೆ (ಡೇಟಾಬೇಸ್ ಡೇಟಾ ಇಡುವ ತುಂಡು) ಹಿಡಿಸುವುದಿಲ್ಲ ಅಂತ ಎರರ್ ಬಂತು. ಟೈಪ್ ಸೃಷ್ಟಿಸುವ ಕ್ರಿಯೇಟ್ ಟೈಪ್‌ನಲ್ಲಿ ಸ್ಟೋರೇಜ್ (ಇಡುವ ಬಗೆ) ಹೇಳದಿದ್ದರೆ ಪ್ಲೇನ್, ಅಂದರೆ ಇದ್ದ ಹಾಗೇ ಇಡುವುದು, ಆಗುತ್ತದೆ, ಅಲ್ವಾ? ಅದನ್ನು ಎಕ್ಸ್‌ಟೆಂಡೆಡ್ ಮಾಡಿದೆವು, ಉದ್ದನೆಯದನ್ನು ಕುಗ್ಗಿಸಿ, ಬೇಕಾದರೆ ಬೇರೆಡೆ ಇಡುವ ಬಗೆ. ಅವತ್ತಿನಿಂದ ಮೊದಲು ಸರಿಯಿದ್ದದ್ದು ಕೆಟ್ಟಿಲ್ಲವೇ ಅಂತ ನೋಡುವ ಸುಮಾರು ನಲವತ್ತು ರಿಗ್ರೆಶನ್ ಟೆಸ್ಟ್ ಫೈಲುಗಳಲ್ಲಿ ಹನ್ನೆರಡೋ ಹದಿಮೂರೋ ಕೆಂಪು. ಕೆಲವು ಒಮ್ಮೆ ಪಾಸ್, ಇನ್ನೊಮ್ಮೆ ಫೇಲ್.

ಈಗ ಬಂದ ಉತ್ತರವಿರುವ ರಿಸಲ್ಟ್ಸ್ ಫೋಲ್ಡರಿನ ಫೈಲನ್ನೇ, ಬರಬೇಕಾದ ಉತ್ತರವಿರುವ ಎಕ್ಸ್‌ಪೆಕ್ಟೆಡ್‌ಗೆ ಕಾಪಿ ಮಾಡಿ ಮುಗಿಸು ಅಂತ ಒಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಡಿಫ್ (ಎರಡರ ವ್ಯತ್ಯಾಸ) ಓದದೆ ಎಕ್ಸ್‌ಪೆಕ್ಟೆಡ್ ಫೈಲ್ ಬದಲಿಸುವವರ ಕೈಗೆ ಟೆಸ್ಟ್ ಕೊಡಲೇಬಾರದು.

ಮೊದಲು ಫೇಲಾದವನ್ನು ಗುಂಪು ಮಾಡಿದೆ. ಮೂರರಲ್ಲಿ ಒಂದು ಪಾಲು ಬರೀ ಸಾಲುಗಳ ಕ್ರಮದ ತಕರಾರು. ಲಿನಕ್ಸ್‌ನ ಮೂಲ ಲೈಬ್ರರಿ ಗ್ಲಿಬ್‌ಸಿ 2.28ರಲ್ಲಿ ವಿಂಗಡಣೆಯ ನಿಯಮಗಳೇ ಬದಲಾಗಿವೆ, ನಮ್ಮ ಎರಡು ಮಷೀನುಗಳು ಆ ಗೆರೆಯ ಆಚೆ ಒಂದು, ಈಚೆ ಒಂದು. ಮಾಮೂಲಿ ಟೆಕ್ಸ್ಟ್‌ಗೆ ಬದಲಿಸಿ (ಕಾಸ್ಟ್ ಮಾಡಿ), ಬರೀ ಬೈಟುಗಳ ಕ್ರಮ ನೋಡುವ ಸಿ ಕೊಲೇಶನ್‌ನಲ್ಲಿ ಆರ್ಡರ್ ಬೈ ಹಾಕಿದೆ, ಆ ಪಾಲು ಹೋಯಿತು.

ಉಳಿದವು ಸತಾಯಿಸಿದವು. ಕ್ಯಾಶ್ (ಡೇಟಾಬೇಸ್ ನೆನಪಿಟ್ಟ ಮಾಹಿತಿ) ಎಸೆಯುತ್ತಾ ಓಡಿಸುವ ಸೆಟ್ಟಿಂಗ್ ಹಾಕಿದೆ. ನಿಮಿಷಗಳಲ್ಲಿ ಮುಗಿಯುತ್ತಿದ್ದ ಟೆಸ್ಟ್ ಬೆಳಗಾದರೂ ಮುಗಿಯಲಿಲ್ಲ. ಬಾಡಿಗೆ ಮಷೀನಿನ ಆ ತಿಂಗಳ ಬಿಲ್ ಹೆಚ್ಚುಕಡಿಮೆ ಮೂರು ಪಟ್ಟಾಯಿತು, ಸಿಕ್ಕಿದ್ದು ಸೊನ್ನೆ. ಮೆಮೊರಿ ತಪ್ಪು ಹಿಡಿಯುವ ವಾಲ್‌ಗ್ರೈಂಡ್ ಹಚ್ಚಿದೆ, ಅದೂ ಚಕಾರ ಎತ್ತಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು: ತಪ್ಪಾಗಿ ಓದುತ್ತಿದ್ದ ಬೈಟುಗಳೂ ಅದೇ ಪೇಜಿನವು, ಅದರ ಲೆಕ್ಕದಲ್ಲಿ ಎಲ್ಲ ಸರಿ.

ದಾರಿ ತೋರಿದ್ದು ಒಂದು ಡಿಫ್. ಒಂದೇ ಪದಗಳನ್ನು ಒಟ್ಟುಗೂಡಿಸುವ ಗ್ರೂಪ್ ಬೈ ಮಾಡಿದರೆ ‘ಕಮಲ’ ಎರಡು ಸಲ ಬರುತ್ತಿತ್ತು. ಹ್ಯಾಶ್ (ಪದದ ಬೈಟುಗಳಿಂದ ಲೆಕ್ಕ ಹಾಕಿದ ಸಂಖ್ಯೆ) ನೋಡಿ ಗುಂಪು ಮಾಡಿಸುವ ಎನೇಬಲ್_ಹ್ಯಾಶ್‌ಆಗ್ ಸೆಟ್ಟಿಂಗ್ ಆಫ್ ಮಾಡಿದೆ, ಒಂದೇ ಸಲ ಬಂತು. ಅಂದರೆ ಹೋಲಿಕೆ ಸರಿ ಇದೆ, ಹ್ಯಾಶ್ ಕೆಟ್ಟಿದೆ. ಬರೀ ಲಿಟರಲ್ (ನೇರವಾಗಿ ಬರೆದ ಪದ) ಕೊಟ್ಟು ಹ್ಯಾಶ್ ನೋಡಿದರೆ ಪ್ರತಿ ಸಲ ಒಂದೇ ಉತ್ತರ. ಟೇಬಲ್‌ನಿಂದ ಓದಿದರೆ ಬೇರೆ. ಅದೂ ಪಕ್ಕದ ಕಾಲಮ್ಮಿನ ಐಡಿ ಬದಲಾದರೆ ಹ್ಯಾಶ್ ಬದಲು!

ಇಲ್ಲಿ ಸ್ವಲ್ಪ ನಿಂತು ನೋಡಿ. ಸ್ಟೋರೇಜ್ ಪ್ಲೇನ್ ಅಲ್ಲದಿದ್ದರೆ, 126 ಬೈಟುಗಳವರೆಗಿನ ಪಠ್ಯ ಟೇಬಲ್‌ನಲ್ಲಿ ಒಂದೇ ಬೈಟಿನ ಹೆಡರ್ (ಉದ್ದ ಹೇಳುವ ತಲೆಭಾಗ) ಹೊತ್ತು ಕೂರುತ್ತದೆ. ಯಾವುದೋ ಹಳೇ ಮಾದರಿಯಿಂದ ಬಂದ ನಮ್ಮ ಹ್ಯಾಶ್ ಫಂಕ್ಷನ್ ಉದ್ದವನ್ನು ಸರಿಯಾಗಿ ತೆಗೆದುಕೊಂಡು, ಡೇಟಾ ಎಲ್ಲಿ ಶುರು ಅಂತ ತಿಳಿಯಲು ಮಾತ್ರ ವಾರ್‌ಡೇಟಾ ಅನ್ನುವ ಮ್ಯಾಕ್ರೋ ಬಳಸುತ್ತಿತ್ತು. ಹೆಡರ್ ನಾಲ್ಕು ಬೈಟ್ ಅಂತಲೇ ತಿಳಿದು ಅದು ಯಾವಾಗಲೂ ನಾಲ್ಕು ಬೈಟ್ ದಾಟುತ್ತದೆ. ಇಲ್ಲಿ ದಾಟಿದ್ದು ಒಂದು ಹೆಡರ್, ಮೂರು ಡೇಟಾ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ‘ಕ’ ಸರಿಯಾಗಿ ಮೂರು ಬೈಟ್. ಹಾಗಾಗಿ ‘ಕಮಲ’ದ ‘ಕ’ ಹಾರಿಹೋಗಿ, ‘ಮಲ’ದ ಜೊತೆ ಕೊನೆಗೆ ಪಕ್ಕದ ಮೂರು ಬೈಟ್ ಸೇರುತ್ತಿತ್ತು: ಎರಡು ಖಾಲಿ ಬೈಟ್, ಮೂರನೆಯದು ಐಡಿಯ ಮೊದಲ ಬೈಟ್. ಒಂದೇ ಕಾಲಮ್ಮಿನ ಟೇಬಲ್‌ಗಳ ಟೆಸ್ಟ್ ಯಾಕೆ ಪಾಸಾಗುತ್ತಿತ್ತು ಅನ್ನೋದಕ್ಕೂ ಇದೇ ಉತ್ತರ: ಅಲ್ಲಿ ಪಕ್ಕದಲ್ಲಿ ಐಡಿಯೇ ಇಲ್ಲ.

ಖಾತ್ರಿ ಮಾಡಿಕೊಳ್ಳಲು ಹೊಸ ಡೇಟಾಬೇಸ್‌ನಲ್ಲಿ ಅದೇ ಟೈಪನ್ನು ಮತ್ತೆ ಪ್ಲೇನ್ ಆಗಿ ಮಾಡಿದೆ. ಕೆಂಪೆಲ್ಲ ಮಾಯ. ಇರುವ ಟೈಪನ್ನು ಆಲ್ಟರ್ ಮಾಡಿ ಪ್ಲೇನ್‌ಗೆ ತರಲು ಬರುವುದಿಲ್ಲ, ಹಾಗಾಗಿ ಹೊಸದಾಗಿ ಮಾಡಿದ್ದು. ಆಮೇಲೆ ವಾರ್‌ಡೇಟಾ ಇದ್ದ ಕಡೆ ವಾರ್‌ಡೇಟಾ_ಎನಿ ಹಾಕಿದೆ, ಅದು ಹೆಡರ್ ಎಷ್ಟಿದೆಯೋ ಅಷ್ಟೇ ದಾಟುತ್ತದೆ. ಒಂದೇ ಸಾಲಿನ ತಿದ್ದುಪಡಿ, ಎಲ್ಲ ಹಸಿರು. ಬೇಡ ಅಂದವರೇ ಈಗ ಕೋಡ್ ಕೇಳುತ್ತಿದ್ದಾರೆ.

ಈಗ ಪ್ರತಿ ಟೆಸ್ಟನ್ನೂ ಹ್ಯಾಶ್ ಆನ್ ಒಮ್ಮೆ, ಆಫ್ ಒಮ್ಮೆ ಓಡಿಸಿ ಎರಡರ ಉತ್ತರ ಹೋಲಿಸುತ್ತೇನೆ. ಅದಕ್ಕೆ ಆರಿಸಿದ ಪದಗಳ ಪಟ್ಟಿ ಮಾತ್ರ ನನ್ನ ಹತ್ತಿರವೇ ಇರಲಿ. ಸುಳಿವು ಇಷ್ಟು: ಉದ್ದ 126ರ ಆಚೀಚೆ ಇರಬೇಕು.

ತಿದ್ದಿದ ಮೇಲೆ ಹಳೇ ಹ್ಯಾಶ್ ಇಂಡೆಕ್ಸ್‌ಗಳನ್ನು (ಹ್ಯಾಶ್ ನೋಡಿ ಹುಡುಕುವ ಪಟ್ಟಿಗಳು) ರೀಇಂಡೆಕ್ಸ್, ಅಂದರೆ ಮತ್ತೆ ಕಟ್ಟುವ ಕೆಲಸ, ಮಾಡಲೇಬೇಕು. ಈ ಟೈಪಿನ ಮೇಲೆ ಹ್ಯಾಶ್ ಪಾರ್ಟಿಶನ್ (ಹ್ಯಾಶ್ ನೋಡಿ ಟೇಬಲನ್ನು ಭಾಗ ಮಾಡುವುದು) ಮಾಡಿದ್ದರೆ, ಅದಕ್ಕೆ ಬಳಸುವ ಎರಡನೇ ಹ್ಯಾಶ್ ಫಂಕ್ಷನ್‌ನಲ್ಲೂ ಇದೇ ತೊಂದರೆ ಇದೆಯೇ ನೋಡಿ. ಇದ್ದರೆ ರೀಇಂಡೆಕ್ಸ್ ಸಾಲದು. ಸಾಲುಗಳು ತಪ್ಪು ಪಾರ್ಟಿಶನ್‌ನಲ್ಲಿ ಕೂತಿರುತ್ತವೆ, ಡೇಟಾ ಹೊರಗೆ ತೆಗೆದು ಮತ್ತೆ ತುಂಬಬೇಕಾಗುತ್ತದೆ.