ಅದಿರಿನ ದೂಳಿನ ನಡುವೆ ಪಿಎಲ್‌ಸಿ ನಿರ್ವಹಣೆ: ನನ್ನ ಅನುಭವ

ಬಳ್ಳಾರಿ ಸುತ್ತಮುತ್ತಲಿನ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ತೆಗೆದ ಕಬ್ಬಿಣ) ಕಾರ್ಖಾನೆಗಳಲ್ಲಿ ಕನ್ವೇಯರ್ ಮತ್ತು ಕಿಲ್ನ್‌ಗಳ (ಕುಲುಮೆಗಳ) ಪಿಎಲ್‌ಸಿಗಳನ್ನು, ಅಂದರೆ ಯಂತ್ರಗಳನ್ನು ಪ್ರೋಗ್ರಾಮಿನಂತೆ ನಡೆಸುವ ಪುಟ್ಟ ಕಂಪ್ಯೂಟರುಗಳನ್ನು, ನೋಡಿಕೊಳ್ಳುವುದು ನನ್ನ ಕೆಲಸ. ಯಂತ್ರ ನಿಂತ ಕೂಡಲೇ ಎಲ್ಲರೂ ಪಿಎಲ್‌ಸಿ ಕೆಟ್ಟಿದೆಯೆಂದೇ ಹೇಳುತ್ತಾರಾದರೂ, ದೋಷವು ಬಹುಪಾಲು ಅದರ ಹೊರಗೆ, ಅಂದರೆ ಸ್ವಿಚ್ಚು, ಕೇಬಲ್ಲು, ಟರ್ಮಿನಲ್ಲು ಇಲ್ಲವೆ 24 ವೋಲ್ಟ್ ಸರಬರಾಜಿನಲ್ಲಿ ಇರುವುದನ್ನೇ ನಾನು ಕಂಡಿದ್ದೇನೆ.

ಒಂದು ಕಡೆ ಅದಿರು ಸಾಗಿಸುವ ಕನ್ವೇಯರ್ ನಸುಕಿನಲ್ಲಿ ತಾನಾಗಿಯೇ ನಿಲ್ಲುತ್ತಿತ್ತು, ಮತ್ತೆ ಸ್ಟಾರ್ಟ್ ಮಾಡಿದರೆ ಓಡುತ್ತಿತ್ತು. ಒಂದು ಇಂಟರ್‌ಲಾಕ್ (ಯಂತ್ರ ಓಡಲು ಇರಲೇಬೇಕಾದ ಸುರಕ್ಷತಾ ಷರತ್ತು) ಬಿದ್ದರೆ ಅದರ ಬೆನ್ನಿಗೇ ಉಳಿದವೂ ಬೀಳುವುದರಿಂದ, ಮೊದಲು ಬಿದ್ದದ್ದು ಯಾವುದೆಂದು ಆಮೇಲೆ ಪರದೆ ನೋಡಿ ತಿಳಿಯಲಾಗದು. ಆದ್ದರಿಂದ ಪ್ರತಿ ಇಂಟರ್‌ಲಾಕ್‌ಗೂ ಒಂದು ಮೆಮೊರಿ ಬಿಟ್ ಕೊಟ್ಟು, ಮೊದಲು ಬಿದ್ದದ್ದು ಮಾತ್ರ ಲ್ಯಾಚ್ ಆಗಿ, ಅಂದರೆ ಅಳಿಯದೆ ಉಳಿಯುವಂತೆ ಲ್ಯಾಡರ್‌ನಲ್ಲಿ (ಪಿಎಲ್‌ಸಿ ಪ್ರೋಗ್ರಾಮ್ ಬರೆಯುವ ಭಾಷೆ) ಬರೆದೆ. ಮುಂದಿನ ಸಲ ನಿಂತಾಗ ಸಿಕ್ಕಿದ್ದು ಪುಲ್ ಕಾರ್ಡ್ (ತುರ್ತಿನಲ್ಲಿ ಎಳೆದು ಬೆಲ್ಟ್ ನಿಲ್ಲಿಸುವ ಹಗ್ಗ) ಇನ್‌ಪುಟ್.

ಬೆಲ್ಟಿನ ಉದ್ದಕ್ಕೂ ಇರುವ ಪುಲ್ ಕಾರ್ಡ್ ಸ್ವಿಚ್ಚುಗಳು ಅಲ್ಲಿ ಸರಣಿಯಲ್ಲಿ ಒಂದೇ ಇನ್‌ಪುಟ್‌ಗೆ ಬರುತ್ತಿದ್ದವು. ಆ ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡಿದರೆ 24ರ ಬದಲು 14 ವೋಲ್ಟ್‌ನ ಆಸುಪಾಸಿನಲ್ಲಿ ಓಲಾಡುತ್ತಿತ್ತು. ಅಲ್ಲಿದ್ದ ಸೀಮೆನ್ಸ್ ಎಸ್7-1200 ಪಿಎಲ್‌ಸಿಯಲ್ಲಿ 15 ವೋಲ್ಟ್ ಮತ್ತು ಮೇಲಿನದು ಖಚಿತವಾಗಿ ಒಂದು (ಸಿಗ್ನಲ್ ಇದೆ), 5 ವೋಲ್ಟ್ ಮತ್ತು ಕೆಳಗಿನದು ಖಚಿತವಾಗಿ ಸೊನ್ನೆ (ಸಿಗ್ನಲ್ ಇಲ್ಲ), ನಡುವಿನದಕ್ಕೆ ಭರವಸೆಯಿಲ್ಲ. "ಸದ್ಯಕ್ಕೆ ಒಂದು ಜಂಪರ್ ಹಾಕಿಬಿಡ್ರಿ ಸರ್, ಶಿಫ್ಟ್ ಮುಗೀಲಿ" ಎಂದರು ಫೋರ್‌ಮನ್. ಬೆಲ್ಟಿಗೆ ಸಿಕ್ಕಿಕೊಂಡವನು ಪ್ರಾಣ ಉಳಿಸಿಕೊಳ್ಳಲು ಎಳೆಯುವ ಹಗ್ಗವದು, ಅದಕ್ಕೆ ಜಂಪರ್ ಹಾಕಲು, ಅಂದರೆ ತಂತಿ ಜೋಡಿಸಿ ಸ್ವಿಚ್ಚನ್ನೇ ನಿಷ್ಫಲಗೊಳಿಸಲು ನಾನು ಒಪ್ಪಲಿಲ್ಲ.

ಕನ್ವೇಯರ್ ನಿಲ್ಲಿಸಿ, ಸರಬರಾಜು ಹಾಗೆಯೇ ಇರಿಸಿ, ಪ್ರತಿ ಸ್ವಿಚ್ಚಿನ ಎರಡೂ ತುದಿಗಳ ನಡುವೆ ಅಳೆಯುತ್ತ ಹೋದೆವು. ಮುಚ್ಚಿದ, ಅಂದರೆ ವಿದ್ಯುತ್ ಹರಿಯುವ ಸ್ಥಿತಿಯಲ್ಲಿರುವ ಸ್ವಿಚ್ಚಿನಲ್ಲಿ ಸೊನ್ನೆ ವೋಲ್ಟ್‌ನ ಹತ್ತಿರ ಕಾಣಬೇಕು. ಒಂದರಲ್ಲಿ ಸುಮಾರು 9 ವೋಲ್ಟ್ ಕಂಡಿತು. ಮುಚ್ಚಳ ತೆಗೆದಾಗ ಕೇಬಲ್ ಗ್ಲ್ಯಾಂಡ್ (ಕೇಬಲ್ ಒಳಹೋಗುವ ಕಡೆಯ ಬಿಗಿ ಮುದ್ರೆ) ಸಡಿಲಾಗಿತ್ತು, ಒಳಗಿಳಿದ ಇಬ್ಬನಿಯಲ್ಲಿ ದೂಳು ಕಲಸಿ ಕಾಂಟ್ಯಾಕ್ಟ್ ಕಪ್ಪಾಗಿತ್ತು. ಬೆಳಗಿನ ಹೊತ್ತಿಗೇ ತೊಂದರೆ ಏಕೆ ಬರುತ್ತಿತ್ತೆಂಬುದೂ ಅಲ್ಲಿಗೆ ತಿಳಿಯಿತು. ಸ್ವಿಚ್ಚು ಬದಲಿಸಿ, ಗ್ಲ್ಯಾಂಡ್ ಕೆಳಮುಖವಾಗಿ ಬರುವಂತೆ ಕೂರಿಸಿದೆವು.

ಪ್ಯಾನೆಲ್ ಕಟ್ಟುವಾಗಲೇ ಬಿಸಿಲಿನ ಲೆಕ್ಕ ಇರಬೇಕು. ಎಸ್7-1200 ಮಾದರಿಯನ್ನು ಅಡ್ಡಲಾಗಿ ಕೂರಿಸಿದರೆ 60 ಡಿಗ್ರಿ ಸೆಲ್ಸಿಯಸ್‌ವರೆಗೆ, ನೆಟ್ಟಗೆ ಕೂರಿಸಿದರೆ 50ರವರೆಗೆ ಮಾತ್ರ ಕೆಲಸ ಮಾಡುತ್ತದೆ. ಗಾಳಿಯಾಡಲು ಮೇಲೂ ಕೆಳಗೂ 25 ಮಿಲಿಮೀಟರ್ ಜಾಗ ಬಿಡಬೇಕು. ಬೇಸಿಗೆಯಲ್ಲಿ ಬಳ್ಳಾರಿಯ ನೆರಳಿನಲ್ಲೇ 40 ಡಿಗ್ರಿ ಮುಟ್ಟುವಾಗ, ಮುಚ್ಚಿದ ಪ್ಯಾನೆಲ್ಲಿನೊಳಗೆ ಆ ಮಿತಿ ದೂರದ್ದೇನಲ್ಲ. ವಿದ್ಯುತ್ ಅಡಚಣೆ ತಾಗದಿರಲೆಂದು, ಡ್ರೈವ್‌ನ (ಮೋಟಾರಿನ ವೇಗ ನಿಯಂತ್ರಕದ) ಮೋಟಾರ್ ಕೇಬಲ್ ಮತ್ತು ಅಳತೆ ಸಾಧನಗಳ 4–20 ಮಿಲಿಆಂಪಿಯರ್ ಸಿಗ್ನಲ್ ಕೇಬಲ್‌ಗಳನ್ನು ನಾನು ಒಂದೇ ಟ್ರೇನಲ್ಲಿ ಬಿಡುವುದಿಲ್ಲ.

ದೂಳು ತೆಗೆಯಲು ಬ್ಲೋವರ್ ಹಿಡಿಯುವ ರೂಢಿಯನ್ನು ನಾನು ಕಟ್ಟುನಿಟ್ಟಾಗಿ ಬಿಡಿಸುತ್ತೇನೆ. ಸ್ಪಾಂಜ್ ಐರನ್ ಪುಡಿಯಲ್ಲಿ ವಿದ್ಯುತ್ ಹರಿಯುತ್ತದೆ, ಊದಿದರೆ ಅದು ಮಾಡ್ಯೂಲಿನ ಸೀಳುಗಳೊಳಗೇ ಸೇರುತ್ತದೆ. ಸರಬರಾಜು ಬಂದ್ ಮಾಡಿ, ಮೆತ್ತನೆಯ ಬ್ರಷ್ಷಿನಿಂದ ಸಡಿಲಿಸಿ, ವ್ಯಾಕ್ಯೂಮ್‌ನಿಂದ ಎಳೆದುಕೊಳ್ಳಬೇಕು. ಟರ್ಮಿನಲ್ ಸ್ಕ್ರೂಗಳನ್ನು ಅದೇ ಹೊತ್ತಿಗೆ ಬಿಗಿ ಮಾಡಿಸುತ್ತೇನೆ. ಪ್ರೋಗ್ರಾಮಿನಲ್ಲಿ ಒಂದು ಟೈಮರ್ ಬದಲಿಸಿದರೂ ಅದೇ ದಿನ ವಿವರಣೆ ಸಹಿತವಾದ ಪ್ರತಿಯನ್ನು ಎರಡು ಕಡೆ ಉಳಿಸಿ, ಏನು, ಏಕೆ ಬದಲಿಸಿದೆನೆಂದು ಪ್ಯಾನೆಲ್ ಬಾಗಿಲಿನ ಒಳಗಿನ ಹಾಳೆಯಲ್ಲಿ ದಿನಾಂಕ ಹಾಕಿ ಬರೆಯುತ್ತೇನೆ.