ಜೀವನಾಂಶದ ಲೆಕ್ಕಪುಸ್ತಕ

ಮಗಳಿಗೆ ಅವಳ ತಂದೆ ತಿಂಗಳಿಗೆ 8,000 ರೂಪಾಯಿ ಜೀವನಾಂಶ ಕೊಡಬೇಕೆಂದು ಕೌಟುಂಬಿಕ ನ್ಯಾಯಾಲಯ ಆದೇಶ ಮಾಡಿದಾಗ ನೆಂಟರೆಲ್ಲ ‘ಅಂತೂ ಒಂದು ದಡ ಸೇರಿದೆಯಲ್ಲ’ ಎಂದರು. ಸೇರಿರಲಿಲ್ಲ. ಆದೇಶವಾಗುವುದು ಬೇರೆ, ಹಣ ಖಾತೆಗೆ ಬೀಳುವುದು ಬೇರೆ. ಮೊದಲನೆಯದಕ್ಕೆ ವಕೀಲರಿದ್ದಾರೆ, ನ್ಯಾಯಾಧೀಶರಿದ್ದಾರೆ. ಎರಡನೆಯದರ ಬೆನ್ನು ಹತ್ತುವವರು ನಾವೇ.

ಬ್ರಿಟನ್ನಿನಲ್ಲಿ 1993ರಿಂದ, ಆಸ್ಟ್ರೇಲಿಯಾದಲ್ಲಿ 1988ರಿಂದ ಈ ಕೆಲಸಕ್ಕೆಂದೇ ಸರ್ಕಾರಿ ವ್ಯವಸ್ಥೆ ಇದೆ. ಎಷ್ಟು ಕೊಡಬೇಕೆಂದು ಲೆಕ್ಕ ಹಾಕುವುದು, ಕೊಡದಿದ್ದರೆ ಸಂಬಳದಿಂದ ಮುರಿದು ಕಳುಹಿಸುವುದು ಅವರದೇ ಹೊಣೆ. ಅಲ್ಲಿಯೂ ಗೋಳು ತಪ್ಪಿದ್ದಲ್ಲ ಎಂದು ಓದಿದ್ದೇನೆ. ಆದರೂ ಕೇಳಲು ಒಂದು ಕಚೇರಿ, ಒಂದು ಕಡತ ಸಂಖ್ಯೆ ಇರುತ್ತದೆ. ನಮ್ಮಲ್ಲಿ ಅಂಥ ಕಚೇರಿ ಇಲ್ಲ; ನ್ಯಾಯಾಲಯವೇ ಎಲ್ಲ. ನ್ಯಾಯಾಲಯ ತಾನಾಗಿ ಬಾಕಿ ಕೇಳುವುದಿಲ್ಲ, ಅರ್ಜಿ ಹಾಕಿದರೆ ಮಾತ್ರ ಕೇಳುತ್ತದೆ.

ನಾನು ಸಹಕಾರ ಸಂಘವೊಂದರಲ್ಲಿ ಸಾಲ ವಸೂಲಿಯ ಲೆಕ್ಕ ಬರೆಯುವವಳು. ಸುಸ್ತಿದಾರರ ಪಟ್ಟಿ ತಯಾರಿಸುವುದು ನನ್ನ ದಿನನಿತ್ಯದ ಕೆಲಸ. ಮನೆಯ ಪಟ್ಟಿಗೆ ಒಬ್ಬರೇ ಸುಸ್ತಿದಾರರು, ಅಷ್ಟೇ ವ್ಯತ್ಯಾಸ. ಆ ಕಣ್ಣಿನಿಂದ ನೋಡಲು ಶುರು ಮಾಡಿದ ಮೇಲೆ ಕೋಪ ಕಡಿಮೆಯಾಯಿತು, ಕೆಲಸ ಮುಂದೆ ಸಾಗಿತು.

ಅರ್ಜಿ ಹೂಡುವ ಹಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾನು ಹೂಡಿದಾಗ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಇತ್ತು. 2024ರ ಜುಲೈ 1ರಿಂದ ಅದೇ ವಿಷಯ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿಗೆ ಬಂದಿದೆ. ಗಂಡ ಬೇರೆ ಜಿಲ್ಲೆಯಲ್ಲಿದ್ದರೂ ನಾವು ವಾಸವಿರುವ ಊರಿನ ನ್ಯಾಯಾಲಯದಲ್ಲೇ ಹೂಡಬಹುದು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೂರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ, 15100ಕ್ಕೆ ಕರೆ ಮಾಡಿದರೂ ಆಗುತ್ತದೆ. ಸಂಬಳ ಬರುವ ಕೆಲಸದಲ್ಲಿರುವ ನನಗೆ ಇದು ಸಿಗಲಾರದು ಎಂದು ಪಕ್ಕದ ಮೇಜಿನವರೊಬ್ಬರು ಖಡಾಖಂಡಿತವಾಗಿ ಹೇಳಿದ್ದರು. ಸಿಕ್ಕಿತು.

ನಾನು ಹೆಚ್ಚು ಹೊತ್ತು ಕೂತದ್ದು ಖರ್ಚಿನ ಪಟ್ಟಿಯ ಮೇಲೆ. 2020ರ ನವೆಂಬರಿನಲ್ಲಿ ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಆ ನಮೂನೆಯಲ್ಲಿ ಮಕ್ಕಳ ಖರ್ಚಿಗೂ ಜಾಗವಿದೆ. ಬಹಳ ಮಂದಿ ಅಲ್ಲಿ ‘ಶಿಕ್ಷಣ ಮತ್ತು ಇತರೆ, 15,000’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಎದುರು ವಕೀಲರಿಗೆ ಅದಕ್ಕಿಂತ ಸುಲಭದ ಬೇಟೆ ಬೇರೆ ಇಲ್ಲ. ನಾನು ಶಾಲೆಯ ಶುಲ್ಕ, ಬಸ್ ಪಾಸ್, ಹಾಲು, ಔಷಧಿ, ಸಮವಸ್ತ್ರ, ಬಾಡಿಗೆಯಲ್ಲಿ ಮಗಳ ಪಾಲು ಎಂದು ಬಿಡಿಸಿ ಬರೆದು ಪ್ರತಿಯೊಂದಕ್ಕೂ ರಶೀದಿಯ ಕ್ರಮಸಂಖ್ಯೆ ಹಾಕಿದೆ. ವರ್ಷಕ್ಕೊಮ್ಮೆ ಬರುವ ಖರ್ಚನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಲೆಕ್ಕಕ್ಕೆ ತಂದೆ.

ಪಾಟೀಸವಾಲಿನಲ್ಲಿ ಎದುರು ವಕೀಲರು ಹಿಡಿದದ್ದು ಕನ್ನಡಕವನ್ನು. “ಪ್ರತಿ ವರ್ಷ ಹೊಸ ಕನ್ನಡಕ ಯಾಕೆ ಬೇಕಮ್ಮ? ಇದು ಆಡಂಬರವಲ್ಲವೇ?” ಎಂದರು. ಮಗಳಿಗೆ ದೂರದ್ದು ಕಾಣುವುದಿಲ್ಲ, ಬೆಳೆಯುವ ವಯಸ್ಸಿನಲ್ಲಿ ಪವರ್ ಬದಲಾಗುತ್ತಲೇ ಇರುತ್ತದೆ. ಕಣ್ಣಿನ ವೈದ್ಯರು ವರ್ಷವರ್ಷವೂ ಬರೆದ ಚೀಟಿಗಳನ್ನು ಒಂದರ ಕೆಳಗೆ ಒಂದು ಹಚ್ಚಿಟ್ಟಿದ್ದೆ: ಮೈನಸ್ ಒಂದೂಕಾಲು, ಮೈನಸ್ ಎರಡು, ಮೈನಸ್ ಎರಡೂಮುಕ್ಕಾಲು. ನ್ಯಾಯಾಧೀಶರು ಆ ಹಾಳೆಯನ್ನು ತಿರುಗಿಸಿ ನೋಡಿ “ಮುಂದಿನ ಪ್ರಶ್ನೆಗೆ ಹೋಗಿ” ಎಂದರು. ಆಮೇಲೆ ಪಟ್ಟಿಯ ಬಗ್ಗೆ ಹೆಚ್ಚು ಪ್ರಶ್ನೆಗಳು ಬರಲಿಲ್ಲ.

ನಡುವೆ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಿದರು. ಅಲ್ಲಿ ಒಂದೇ ಗಂಟಿನಲ್ಲಿ ಹಣ ಕೊಟ್ಟು ಮಗಳ ಲೆಕ್ಕವನ್ನೂ ಚುಕ್ತಾ ಮಾಡುತ್ತೇನೆಂಬ ಮಾತು ಬಂತು. ನಾನು ಒಪ್ಪಲಿಲ್ಲ. ನನ್ನ ಪಾಲಿನದನ್ನು ಬಿಟ್ಟುಕೊಡುವ ಅಧಿಕಾರ ನನಗಿದೆ. ಮಗಳ ಜೀವನಾಂಶ ಮಗಳದು, ಅದನ್ನು ಬರೆದುಕೊಡಲು ನಾನು ಯಾರು? ಅರ್ಜಿಯಲ್ಲೂ ಅವಳು ನನ್ನ ಮೂಲಕ ಬಂದ ಪ್ರತ್ಯೇಕ ಅರ್ಜಿದಾರಳು. ಒಂದೇ ಗಂಟಿನ ಹಣ ಮನೆಯ ಯಾವ್ಯಾವುದೋ ತೂತಿಗೆ ಹೋಗಿಬಿಡುತ್ತದೆ ಎಂಬ ಭಯವೂ ಇತ್ತೆನ್ನಿ.

ಆದೇಶವಾಯಿತು. ಸುಪ್ರೀಂ ಕೋರ್ಟಿನ ಅದೇ ತೀರ್ಪಿನಂತೆ ಜೀವನಾಂಶ ಲೆಕ್ಕವಾಗುವುದು ಅರ್ಜಿ ಹಾಕಿದ ದಿನದಿಂದ. ಹಾಗಾಗಿ ಮೊದಲ ದಿನವೇ ದೊಡ್ಡ ಮೊತ್ತದ ಹಿಂಬಾಕಿ ನಿಂತಿತ್ತು. ದೃಢೀಕೃತ ನಕಲಿಗೆ ಅರ್ಜಿ ಹಾಕಿದೆ. ಅದು ಕೈಗೆ ಬಂದ ಸಂಜೆಯೇ ಒಂದು ಲೆಕ್ಕಪುಸ್ತಕ ತಂದು ಗೆರೆ ಎಳೆದೆ.

ಆ ಪುಸ್ತಕದ್ದೇ ಈ ಕಥೆಯಲ್ಲಿ ಮುಖ್ಯ ಪಾತ್ರ. ಐದು ಅಂಕಣ: ಯಾವ ತಿಂಗಳದ್ದು, ಬರಬೇಕಾದದ್ದು, ಬಂದದ್ದು, ಬಂದ ದಿನಾಂಕ ಮತ್ತು ಬಗೆ, ನಿಂತ ಬಾಕಿ. ಆರನೆಯದಾಗಿ ಷರಾ ಅಂಕಣವೊಂದನ್ನು ಆಮೇಲೆ ಸೇರಿಸಿದೆ, ಏಕೆಂದರೆ ಹಣದ ಜೊತೆ ಮಾತೂ ಬರುತ್ತಿತ್ತು. ಜೂನ್ ತಿಂಗಳ ಸಾಲು ಹೀಗಿದೆ: ಬರಬೇಕಾದದ್ದು 8,000. ಬಂದದ್ದು 3,000, ಮೊಬೈಲ್ ಮೂಲಕ. ಷರಾ: ‘ಪುಸ್ತಕಗಳಿಗೆಂದು ಹೇಳಿ ಕಳುಹಿಸಿದ್ದು, ಹಳೆಯ ಬಾಕಿಗೆ ಜಮಾ.’ ಆ 3,000ವನ್ನು ಆ ತಿಂಗಳಿನ ಜೀವನಾಂಶವೇ ಅಲ್ಲ, ಪ್ರೀತಿಯಿಂದ ಕೊಟ್ಟದ್ದು ಎಂದು ನಾನು ಬಿಟ್ಟುಬಿಟ್ಟರೆ ನಾಳೆ ಅವರು ‘ಕೊಟ್ಟಿದ್ದೇನೆ’ ಎನ್ನುತ್ತಾರೆ, ನಾನು ‘ಇಲ್ಲ’ ಎನ್ನುತ್ತೇನೆ, ನ್ಯಾಯಾಲಯದ ಒಂದು ವಾಯಿದೆ ಅದರಲ್ಲೇ ಕಳೆಯುತ್ತದೆ. ಬಂದದ್ದನ್ನೆಲ್ಲ ಜಮಾ ತೋರಿಸಿದರೆ ನಮ್ಮ ಮಾತಿಗೆ ತೂಕ ಬರುತ್ತದೆ. ಮಗಳ ಕೈಗೆ ಹಬ್ಬಕ್ಕೆ ಕೊಟ್ಟ ಬಟ್ಟೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ತಂದೆ ಮಗಳಿಗೆ ಬಟ್ಟೆ ತಂದರೆ ಅದು ಅವರಿಬ್ಬರದು.

ಕೈಗೆ ನಗದು ಕೊಡಲು ಬಂದಾಗ ಕಟ್ಟುನಿಟ್ಟಾಗಿ ಬೇಡವೆಂದೆ. ಆದೇಶದಲ್ಲಿ ನನ್ನ ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಬರೆಸಿಕೊಂಡಿದ್ದೆ. ಮಗಳ ಜೀವನಾಂಶಕ್ಕೆಂದು ಬೇರೆಯೇ ಖಾತೆ, ಅದರಲ್ಲಿ ನನ್ನ ಸಂಬಳ ಬೀಳುವುದಿಲ್ಲ, ಸಂಘದ ಚೀಟಿ ಹಣ ಬೀಳುವುದಿಲ್ಲ. ಪಾಸ್‌ಬುಕ್ ನೋಡಿದವರಿಗೆ ಒಂದೇ ನೋಟದಲ್ಲಿ ಎಲ್ಲವೂ ತಿಳಿಯಬೇಕು.

ಬಾಕಿ ನಿಂತಾಗ ಅಮಲ್ಜಾರಿ ಅರ್ಜಿ, ಅಂದರೆ ಆದೇಶವನ್ನು ಜಾರಿ ಮಾಡಿಸಿ ಎಂದು ಕೇಳುವ ಅರ್ಜಿ, ಹಾಕಿದೆ. ಇದಕ್ಕೆ ಒಂದು ಗಡುವಿದೆ: ಹಣ ಕೊಡಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ಬಾಕಿಗೆ 125ನೇ (ಈಗಿನ 144ನೇ) ಕಲಮಿನಡಿ ವಾರಂಟ್ ಹೊರಡುವುದಿಲ್ಲ. ‘ಇನ್ನೊಂದಿಷ್ಟು ಬಾಕಿ ಕೂಡಲಿ, ಒಟ್ಟಿಗೆ ಹಾಕೋಣ’ ಎಂದು ಕಾಯುವ ಹೆಂಗಸರನ್ನು ನಾನು ನ್ಯಾಯಾಲಯದ ಮೊಗಸಾಲೆಯಲ್ಲಿ ಕಂಡಿದ್ದೇನೆ. ಕಾಯಬಾರದು. ಒಮ್ಮೆ ಅರ್ಜಿ ಹಾಕಿದ ಮೇಲೆ ಅದು ವಿಚಾರಣೆಯಲ್ಲಿರುವಾಗ ಸೇರುವ ಬಾಕಿಗೆ ಮತ್ತೆ ಮತ್ತೆ ಹೊಸ ಅರ್ಜಿ ಬೇಕಿಲ್ಲ ಎಂದು ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ. ಆದ್ದರಿಂದ ಪ್ರತಿ ವಾಯಿದೆಗೂ ನಾನು ಹೊಸ ಬಾಕಿ ಲೆಕ್ಕದ ಮೆಮೊ ಒಯ್ಯುತ್ತಿದ್ದೆ. ಒಂದೇ ಹಾಳೆ, ಕೊನೆಯಲ್ಲಿ ಒಟ್ಟು ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ. ಪ್ರಕರಣದ ಹದಿನಾರು ಅಕ್ಷರದ ಗುರುತಿನ ಸಂಖ್ಯೆಯಾದ ಸಿಎನ್‌ಆರ್ ಸಂಖ್ಯೆಯನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿಟ್ಟರೆ ಮುಂದಿನ ದಿನಾಂಕ ಮನೆಯಲ್ಲೇ ಗೊತ್ತಾಗುತ್ತದೆ.

ವಾರಂಟ್ ಹೊರಟಿತು, ವಾಪಸೂ ಬಂತು. ‘ಸದರಿ ವಿಳಾಸದಲ್ಲಿ ಆಸಾಮಿ ಸಿಕ್ಕಿರುವುದಿಲ್ಲ’ ಎಂಬ ಷರಾ. ಆ ಠಾಣೆ ಯಾವುದೆಂದು ಹೇಳುವುದು ಬೇಡ. ಆಸಾಮಿ ಅದೇ ಬೀದಿಯಲ್ಲಿ ದಿನವೂ ಬೈಕ್ ನಿಲ್ಲಿಸುತ್ತಿದ್ದರು. ಪೊಲೀಸರಿಗೆ ಇಂಥ ವಾರಂಟುಗಳು ನೂರೆಂಟು, ಯಾರದು ಮೊದಲು ಎಂಬುದು ಅವರ ಇಷ್ಟ. ಬೈದು ಪ್ರಯೋಜನವಿಲ್ಲ. ಮುಂದಿನ ಸಲ ಮೆಮೊದಲ್ಲಿ ಮನೆಯ ವಿಳಾಸದ ಜೊತೆ ಕೆಲಸದ ಜಾಗದ ವಿಳಾಸ, ಪಾಳಿಯ ಹೊತ್ತು ಎಲ್ಲವನ್ನೂ ಬರೆದು ಹೊಸ ವಾರಂಟ್ ಕೇಳಿದೆ. ಈ ಸಲ ಅವರು ನ್ಯಾಯಾಲಯದ ಮುಂದೆ ಬಂದರು. ಒಂದು ಕಂತು ಕಟ್ಟಿ ಉಳಿದದ್ದಕ್ಕೆ ಸಮಯ ಕೇಳಿದರು.

“ನಾಲ್ಕು ದಿನ ಜೈಲಿಗೆ ಹೋಗಿ ಬಂದರೆ ಎಲ್ಲ ಚುಕ್ತಾ” ಎಂದು ಹೊರಗೆ ಯಾರೋ ಅವರಿಗೆ ಹೇಳುತ್ತಿದ್ದುದು ನನಗೂ ಕೇಳಿಸಿತು. ಸುಳ್ಳು. ಕೊಡದ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು, ಆದರೆ ಸೆರೆಮನೆಗೆ ಹೋದ ಮಾತ್ರಕ್ಕೆ ಬಾಕಿ ತೀರುವುದಿಲ್ಲ. 1989ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ನಿಜ ಹೇಳಬೇಕೆಂದರೆ ಅವರು ಸೆರೆಮನೆಗೆ ಹೋಗುವುದು ನನಗೆ ಬೇಕಿರಲಿಲ್ಲ. ಕೆಲಸ ಹೋದರೆ ಮುಂದಿನ ತಿಂಗಳ ಹಣ ಎಲ್ಲಿಂದ ಬರುತ್ತದೆ? ಸುಸ್ತಿದಾರನ ಎತ್ತನ್ನು ಜಪ್ತಿ ಮಾಡಿದರೆ ಉಳುವುದು ಹೇಗೆ ಎಂದು ನಮ್ಮ ಸಂಘದ ಹಳೆಯ ಕಾರ್ಯದರ್ಶಿಗಳು ಕೇಳುತ್ತಿದ್ದರು.

ಕೆಲಸಕ್ಕೆ ಬಂದದ್ದು ಸಂಬಳ ಜಪ್ತಿ. ಜೀವನಾಂಶದ ಆದೇಶವನ್ನು ಸಿವಿಲ್ ಡಿಕ್ರಿಯಂತೆ, ಅಂದರೆ ಸಿವಿಲ್ ದಾವೆಯ ತೀರ್ಪಿನಂತೆ, ಜಾರಿ ಮಾಡಬಹುದು ಎಂದು 2020ರ ತೀರ್ಪಿನಲ್ಲೇ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಸಾಮಾನ್ಯ ಸಾಲಗಾರನ ಸಂಬಳಕ್ಕೆ ಕೊಡುವಷ್ಟು ರಕ್ಷಣೆಯನ್ನು ಜೀವನಾಂಶದ ಬಾಕಿದಾರನಿಗೆ ಕೊಡುವುದಿಲ್ಲ: ಮೂರನೆಯ ಒಂದು ಭಾಗಕ್ಕೆ ಮಾತ್ರ ವಿನಾಯಿತಿ. ಅವರದೇ ಪ್ರಮಾಣಪತ್ರದ ಜೊತೆಗಿದ್ದ ಸಂಬಳ ಚೀಟಿಯಲ್ಲಿ ಕಂಪನಿಯ ಹೆಸರು, ನೌಕರ ಸಂಖ್ಯೆ ಎಲ್ಲವೂ ಇದ್ದವು. ಅದನ್ನೇ ತೆಗೆದು ಅರ್ಜಿಗೆ ಲಗತ್ತಿಸಿದೆ. ತಿಂಗಳ ಜೀವನಾಂಶಕ್ಕೆ ಹಿಂಬಾಕಿಯ ಒಂದು ಕಂತನ್ನೂ ಸೇರಿಸಿ ಮುರಿದುಕೊಳ್ಳುವಂತೆ ಕಂಪನಿಗೆ ಆದೇಶ ಹೋಯಿತು. ಪೂರ್ತಿ ಹಿಂಬಾಕಿಯನ್ನು ಒಂದೇ ಸಲ ಕೇಳೋಣ ಎಂದು ನಮ್ಮ ವಕೀಲರು ಹೇಳಿದ್ದರು. ನಾನೇ ಕಂತು ಸಾಕೆಂದೆ. ತೀರಿಸಲಾಗದ ಕಂತು ಹೇರಿದರೆ ಸಾಲಗಾರ ಊರು ಬಿಡುತ್ತಾನೆ ಎಂಬುದು ವಸೂಲಿ ಮಾಡುವವರಿಗೆಲ್ಲ ಗೊತ್ತು. ಸ್ವಂತ ವ್ಯಾಪಾರದವರ ವಿಷಯದಲ್ಲಿ ಈ ದಾರಿ ನಡೆಯುವುದಿಲ್ಲ. ಅಂಥಲ್ಲಿ ಜಿಲ್ಲಾಧಿಕಾರಿಗೆ ವಾರಂಟ್ ಕಳುಹಿಸಿ ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸುವ ಅವಕಾಶವಿದೆ, ಹೊಲವೋ ನಿವೇಶನವೋ ಇದ್ದರೆ ಪಹಣಿ ತೆಗೆಸಿ ತೋರಿಸಬೇಕು.

ಕಂಪನಿಯಿಂದ ಮೊದಲ ಸಲ ಹಣ ಬಂದಾಗ ಯಾವ ಬಾಬ್ತು ಎಷ್ಟು ಎಂದು ಬಿಡಿಸಿರಲಿಲ್ಲ. ಅವರ ಲೆಕ್ಕ ವಿಭಾಗಕ್ಕೆ ಪತ್ರ ಬರೆದು ಚಾಲ್ತಿ ಎಷ್ಟು, ಹಿಂಬಾಕಿ ಎಷ್ಟು ಎಂದು ಬರೆಸಿಕೊಂಡೆ. ಅಲ್ಲಿಯ ಗುಮಾಸ್ತರಿಗೆ ನನ್ನ ಪತ್ರದ ಒಕ್ಕಣೆ ನೋಡಿ ಇವರೂ ನಮ್ಮವರೇ ಎನಿಸಿರಬೇಕು, ಆಮೇಲೆ ಪ್ರತಿ ತಿಂಗಳೂ ವಿವರ ತಪ್ಪದೆ ಬರುತ್ತಿದೆ.

ಮಗಳು ಈ ವರ್ಷ ಪಿಯುಸಿಗೆ ಸೇರಿದ್ದಾಳೆ, ಖರ್ಚು ಏರಿದೆ. ಪರಿಸ್ಥಿತಿ ಬದಲಾದರೆ ಮೊತ್ತ ಹೆಚ್ಚಿಸಲು ಕೇಳುವ ಅವಕಾಶ ಹಳೆಯ ಸಂಹಿತೆಯಲ್ಲಿ 127ನೇ ಕಲಮಿನಲ್ಲಿತ್ತು, ಈಗ 146ರಲ್ಲಿದೆ. ಹದಿನೆಂಟು ತುಂಬಿದ ಮೇಲೂ ಮದುವೆಯಾಗದ, ಸ್ವಂತ ಆದಾಯವಿಲ್ಲದ ಮಗಳಿಗೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮಿನಲ್ಲಿ ದಾರಿ ಇದೆ. ಅದು ಬೇರೆ ದಾವೆ. ಸದ್ಯಕ್ಕೆ ಕಾಲೇಜಿನ ಶುಲ್ಕದ ರಶೀದಿ, ಬಸ್ ಪಾಸ್, ಕಣ್ಣಿನ ಹೊಸ ಚೀಟಿ ಇಷ್ಟನ್ನು ಸೇರಿಸಿ ಹೆಚ್ಚಳದ ಅರ್ಜಿಯ ಪಟ್ಟಿ ಬರೆಯುತ್ತಿದ್ದೇನೆ. ಲ್ಯಾಬ್ ಶುಲ್ಕದ ರಶೀದಿಯನ್ನು ಕಾಲೇಜಿನವರು ಇನ್ನೂ ಕೊಟ್ಟಿಲ್ಲ. ಅದು ಬಂದ ಕೂಡಲೇ ಸಲ್ಲಿಸುತ್ತೇನೆ.