ಬಾಣದ ಬಾಲಕ್ಕೆ ದೀಪ: ಜಿಂಕೆ ಬೇಟೆಗೆ ಹೊಳೆಯುವ ನಾಕ್ ಬೇಕೇ?

ಸೆಕೆಂಡಿಗೆ 280 ಅಡಿ ವೇಗದ ಬಾಣ 20 ಗಜ ದೂರದ ಜಿಂಕೆಯನ್ನು ಮುಟ್ಟಲು ಕಾಲು ಸೆಕೆಂಡೂ ಹಿಡಿಯದು. ಅಷ್ಟರೊಳಗೆ ಬಿಲ್ಲು ಅದುರುತ್ತದೆ, ಹೆದೆಯ ಸದ್ದಿಗೆ ಜಿಂಕೆ ತಗ್ಗಿ ನೆಗೆಯುತ್ತದೆ. ಮುಸ್ಸಂಜೆಯ ಮಬ್ಬಿನಲ್ಲಿ ಬಾಣದ ಕಪ್ಪು ಕಾರ್ಬನ್ ಕೋಲು, ಅಂದರೆ ಶಾಫ್ಟ್, ಕಣ್ಣಿಗೆ ಬೀಳುವುದೇ ಇಲ್ಲ. ಬಾಣ ಮುಂಗಾಲಿನ ಹಿಂದೆ ಎದೆಗೆ ಹೊಕ್ಕಿತೋ, ಒಂದು ಗೇಣು ಹಿಂದೆ ಸರಿದು ಹೊಟ್ಟೆಗೆ ಹೋಯಿತೋ? ಇದು ತಿಳಿಯದೆ ಅವಸರದಲ್ಲಿ ಮರದಿಂದ ಇಳಿದು ಬೆನ್ನು ಹತ್ತಿದರೆ, ಗಾಯಗೊಂಡ ಪ್ರಾಣಿ ಎದ್ದು ಇನ್ನೂ ದೂರ ಓಡುತ್ತದೆ, ಕೊನೆಗೆ ಯಾರ ಕೈಗೂ ಸಿಗದೆ ಸಾಯುತ್ತದೆ. ನಾಕ್ ಅಂದರೆ ಬಾಣದ ಹಿಂತುದಿಯಲ್ಲಿ ಹೆದೆಗೆ ಸಿಕ್ಕಿಸುವ ಪುಟ್ಟ ತುಂಡು; ಅದರೊಳಗೆ ದೀಪವಿದ್ದರೆ ಹೊಳೆಯುವ ನಾಕ್. ಹೊಳೆಯುವ ನಾಕ್‌ನ ನಿಜವಾದ ಉಪಯೋಗ ಇಲ್ಲಿದೆ: ಎಷ್ಟು ಹೊತ್ತು ಕಾಯಬೇಕು ಎಂದು ತೀರ್ಮಾನಿಸಲು ಅದು ನೆರವಾಗುತ್ತದೆ. ಕಳೆದ ಬಾಣ ಸಿಗುವುದು ಅದರ ಜೊತೆಗೆ ಬರುವ ಲಾಭ.

ಅಮೆರಿಕದಲ್ಲಿ ವೈಟ್‌ಟೇಲ್ ಜಿಂಕೆಯನ್ನು ಮರಕ್ಕೆ ಕಟ್ಟಿದ ಅಟ್ಟಣಿಗೆಯಾದ ಟ್ರೀ ಸ್ಟ್ಯಾಂಡ್‌ನಿಂದ ಬೆಳಗಿನ ಮೊದಲ ಅರ್ಧ ಗಂಟೆಯಲ್ಲೋ ಸಂಜೆಯ ಕೊನೆಯ ಅರ್ಧ ಗಂಟೆಯಲ್ಲೋ ಹೊಡೆಯುವವರಿಗೆ ಇದು ಖಂಡಿತ ಹಾಕಿಕೊಳ್ಳಬೇಕಾದ ವಸ್ತು. ಹಗಲು ಬೆಳಕಿನಲ್ಲಿ, ಬಿಳಿ ಗರಿ ಕಟ್ಟಿದ ಬಾಣದಲ್ಲಿ, 15 ಗಜದೊಳಗೆ ಮಾತ್ರ ಹೊಡೆಯುವವರಿಗೆ ಅಷ್ಟೇನೂ ವ್ಯತ್ಯಾಸವಾಗದು. ಇನ್ನು, ಬೇಟೆಯ ಹಿಂದಿನ ದಿನ ಡಬ್ಬಿ ಒಡೆದು ನಾಕ್ ಬದಲಿಸಿ, ಒಂದು ಬಾಣವನ್ನೂ ಬಿಟ್ಟು ನೋಡದೆ ಕಾಡಿಗೆ ಹೋಗುವವರಿಗೆ ಇದರಿಂದ ಹಾನಿಯೇ ಹೆಚ್ಚು. ಅದಕ್ಕೆ ಕಾರಣ ತೂಕ.

ಮಾಮೂಲಿ ಪ್ಲಾಸ್ಟಿಕ್ ನಾಕ್ ಸುಮಾರು 8ರಿಂದ 10 ಗ್ರೇನ್ ತೂಗುತ್ತದೆ. ಎಲ್ಇಡಿ, ಕಡ್ಡಿಯಂಥ ಲಿಥಿಯಂ ಬ್ಯಾಟರಿ ಸೇರಿದ ನಾಕ್ 20ರಿಂದ 25 ಗ್ರೇನ್. ಹೆಚ್ಚುವರಿ 15 ಗ್ರೇನ್ ಅಂದರೆ ಸುಮಾರು ಒಂದು ಗ್ರಾಂ ಅಷ್ಟೇ. ಆದರೆ ಅದು ಕೂರುವುದು ಬಾಣದ ಕಟ್ಟಕಡೆಯ ತುದಿಯಲ್ಲಿ. ಲೆಕ್ಕ ಹಾಕಿ ನೋಡಿ: 28 ಇಂಚಿನ, 400 ಗ್ರೇನ್ ತೂಕದ ಬಾಣ ನಾಕ್‌ನ ಕಡೆಯಿಂದ 17.5 ಇಂಚಿನಲ್ಲಿ ಸಮತೂಗುತ್ತದೆ ಎನ್ನೋಣ. ಮಧ್ಯಬಿಂದು 14. ಸಮತೂಕದ ಬಿಂದು ಮಧ್ಯಕ್ಕಿಂತ ಮುಂದಿರುವ ದೂರ ಬಾಣದ ಉದ್ದದ ಶೇ. 12.5; ಮುಂದಿನ ಭಾರ ಎನ್ನುವ ಇದನ್ನೇ ಬಿಲ್ಲುಗಾರರು ಎಫ್ಒಸಿ ಎನ್ನುತ್ತಾರೆ. ಬಾಲಕ್ಕೆ 15 ಗ್ರೇನ್ ಸೇರಿಸಿದೊಡನೆ ಸಮತೂಕದ ಬಿಂದು 16.9 ಇಂಚಿಗೆ ಹಿಂದೆ ಸರಿದು ಎಫ್ಒಸಿ ಸುಮಾರು ಶೇ. 10.2ಕ್ಕೆ ಇಳಿಯುತ್ತದೆ. ಅದನ್ನು ಮತ್ತೆ 12.5ಕ್ಕೆ ತರಬೇಕಾದರೆ ಮುಂದೆ 25 ಗ್ರೇನ್ ಬೇಕು. 100 ಗ್ರೇನಿನ ಬ್ರಾಡ್‌ಹೆಡ್, ಅಂದರೆ ಬೇಟೆಯ ಅಲಗಿನ ಮೊನೆ, ತೆಗೆದು 125 ಗ್ರೇನಿನದು ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಬಾಲದಲ್ಲಿ ತೂಕ ಹೆಚ್ಚಿದರೆ ಶಾಫ್ಟ್ ತುಸು ಬಿಗಿಯಾಗಿ ವರ್ತಿಸುತ್ತದೆ, ಅಂದರೆ ಕಡಿಮೆ ಬಾಗುತ್ತದೆ; ಮೂತಿಯಲ್ಲಿ ಹೆಚ್ಚಿದರೆ ಹೆಚ್ಚು ಬಾಗುತ್ತದೆ. ಹಾಗಾಗಿ ಎರಡನ್ನೂ ಬದಲಿಸಿದ ಮೇಲೆ ಬಾಣ ಓಲಾಡದೆ ಹೋಗುತ್ತಿದೆಯೇ ಎಂದು ತಿಳಿಯಲು ಕಾಗದದ ಮೂಲಕ ಬಾಣ ಬಿಟ್ಟು ತೂತಿನ ಆಕಾರ ನೋಡಲೇಬೇಕು. ಸ್ಥಿರ ಅಲಗಿನ ಬ್ರಾಡ್‌ಹೆಡ್ ಆದರಂತೂ ಈ ಪರೀಕ್ಷೆ ಬಿಡುವಂತೆಯೇ ಇಲ್ಲ. ಬಾಲ ಭಾರವಾದ ಬಾಣದಲ್ಲಿ ಅದೇ ಮೊದಲು ದಾರಿ ತಪ್ಪುವುದು.

ವೇಗದ ನಷ್ಟ ಇದಕ್ಕಿಂತ ಸಣ್ಣದು. ಬರೀ ನಾಕ್ ಬದಲಿಸಿದರೆ ಸೆಕೆಂಡಿಗೆ ನಾಲ್ಕೈದು ಅಡಿ ಕಡಿಮೆಯಾಗುತ್ತದೆ, 30 ಗಜದಲ್ಲಿ ಬಾಣ ಮುಕ್ಕಾಲು ಇಂಚು, 40ರಲ್ಲಿ ಇಂಚಿಗಿಂತ ಸ್ವಲ್ಪ ಹೆಚ್ಚು ಕೆಳಗೆ ಬೀಳುತ್ತದೆ. ಗುರಿ ನೋಡುವ ಸೈಟ್ ಪಿನ್ ಸರಿಪಡಿಸಿಕೊಂಡರೆ ಮುಗಿಯಿತು. ಬತ್ತಳಿಕೆಯ ಒಂದು ಬಾಣಕ್ಕೆ ಮಾತ್ರ ದೀಪ ಹಾಕಿ ಉಳಿದವನ್ನು ಹಾಗೇ ಬಿಡಬೇಡಿ, ಎಲ್ಲವೂ ಒಂದೇ ತೂಕ ಇರಲಿ. ಬ್ಯಾಟರಿ ಮುಗಿದ ಹಳೆಯ ನಾಕ್‌ಗಳನ್ನು ಎಸೆಯದೆ ಅಭ್ಯಾಸದ ಬಾಣಗಳಿಗೆ ಹಾಕಿಕೊಳ್ಳಿ, ತೂಕ ಅದೇ ಇರುತ್ತದೆ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಶಾಫ್ಟ್‌ನ ಒಳವ್ಯಾಸ. ಸಾಮಾನ್ಯವಾಗಿ ಸಿಗುವವು 0.166, 0.204 ಮತ್ತು 0.246 ಇಂಚಿನವು. ಶಾಫ್ಟ್ ಮೇಲೆ ಬರೆದಿರುವ 340, 400 ಇತ್ಯಾದಿ ಅಂಕಿ ಬಿಗಿತದ್ದು, ವ್ಯಾಸದ್ದಲ್ಲ. ಇದರಲ್ಲಿ ಎಡವುವವರು ಬಹಳ. ಬಣ್ಣದ ವಿಷಯಕ್ಕೆ ಬಂದರೆ, ಮನುಷ್ಯನ ಕಣ್ಣಿಗೆ ಹಸಿರು ಬೆಳಕು ಹೆಚ್ಚು ಪ್ರಖರವಾಗಿ ಕಾಣುತ್ತದೆ. ಕೆಂಪು ಹಸಿರು ಗುರುತಿಸಲು ಕಷ್ಟಪಡುವವರು ಎರಡನ್ನೂ ಹೊರಗೆ ಮಬ್ಬಿನಲ್ಲಿಟ್ಟು 30 ಗಜದಿಂದ ನೋಡಿ ಆರಿಸಿಕೊಳ್ಳಲಿ.

ಕೂರಿಸುವುದು ಐದು ನಿಮಿಷದ ಕೆಲಸ, ಆದರೆ ಅವಸರ ಸಲ್ಲದು. ಹಳೆಯ ನಾಕ್ ಎಳೆದು ತೆಗೆಯಿರಿ. ಶಾಫ್ಟ್‌ನ ಬಾಯಿ ಓರೆಯಾಗಿ ಕತ್ತರಿಸಿದ್ದರೆ ಉಜ್ಜಿ ಸಮ ಮಾಡಿ. ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಒಳಗೆ ತಿರುಗಿಸಿ, ಕಪ್ಪು ಕಾರ್ಬನ್ ಪುಡಿ ಬರುವುದು ನಿಲ್ಲುವವರೆಗೆ. ಒಣಗಿದ ಮೇಲೆ ನಾಕ್ ಅನ್ನು ನೇರವಾಗಿ ಒತ್ತಿ, ಗರಿಗಳು ಮೊದಲಿದ್ದ ದಿಕ್ಕಿಗೇ ಬರುವಂತೆ ತಿರುಗಿಸಿ. ಸಡಿಲವಾಗಿದ್ದರೆ ತೆಳ್ಳನೆಯ ಪ್ಲಾಸ್ಟಿಕ್ ಚೀಲದ ಚೂರೊಂದನ್ನು ಶಾಫ್ಟ್‌ನ ಬಾಯಿಗೆ ಎಳೆದು ಹಿಡಿದು ಅದರ ಮೇಲೆ ನಾಕ್ ಒತ್ತಿ, ಹೊರಗುಳಿದದ್ದನ್ನು ಬ್ಲೇಡಿನಿಂದ ಸವರಿ. ಕಂಪನಿಯ ಸೂಚನೆಯಲ್ಲಿ ಹೇಳದ ಹೊರತು ಅಂಟು ಹಾಕಬೇಡಿ. ಒಳಗೆ ಸೋರಿದ ಅಂಟು ಸ್ವಿಚ್ಚನ್ನೇ ಕಚ್ಚಿಕೊಳ್ಳುತ್ತದೆ.

ಬಹುಪಾಲು ನಾಕ್‌ಗಳಲ್ಲಿ ಹೆದೆ ತಳ್ಳಿದ ರಭಸಕ್ಕೆ ಒಳಗಿನ ಭಾಗ ಮುಂದಕ್ಕೆ ಜಾರಿ ಬ್ಯಾಟರಿಗೆ ಸಂಪರ್ಕ ಕೊಡುತ್ತದೆ. ಆದ್ದರಿಂದ ಹೆದೆಯ ಮೇಲೆ ನಾಕ್ ಕೂರುವ ಬಿಗಿಯೇ ಎಲ್ಲ. ಪರೀಕ್ಷೆ ಸುಲಭ. ಬ್ರಾಡ್‌ಹೆಡ್ ತೆಗೆದು ಅಭ್ಯಾಸದ ಮೊನೆ ಹಾಕಿದ ಬಾಣವನ್ನು ಹೆದೆಗೆ ಸಿಕ್ಕಿಸಿ. ‘ಟಕ್’ ಎಂದು ಸಣ್ಣಗೆ ಸದ್ದಾಗಬೇಕು. ಹೆದೆ ನೆಲಕ್ಕೆ ಸಮಾನಾಂತರವಾಗಿ ಇರುವಂತೆ ಬಿಲ್ಲನ್ನು ಹಿಡಿದರೆ ಬಾಣ ಕೆಳಮುಖವಾಗಿ ತೂಗಾಡಬೇಕು, ಬೀಳಬಾರದು. ಹೆದೆಯನ್ನು ಬೆರಳಿನಿಂದ ತಟ್ಟಿದಾಗ ಕಳಚಿ ಬೀಳಬೇಕು. ತಾನಾಗಿ ಬಿದ್ದರೆ ನಾಕ್ ಕೂರುವಲ್ಲಿ ಹೆದೆಗೆ ಸುತ್ತಿದ ಸರ್ವಿಂಗ್ ದಾರ ತೆಳ್ಳಗಾಗಿದೆ, ತಟ್ಟಿದರೂ ಬೀಳದಿದ್ದರೆ ದಪ್ಪವಾಗಿದೆ. ದೀಪ ಹೊತ್ತದಿರುವುದಕ್ಕೂ ಇದೇ ಮುಖ್ಯ ಕಾರಣ, ನಾಕ್ ದೋಷವೆಂದು ಅಂಗಡಿಗೆ ಹಿಂತಿರುಗಿಸುವ ಮೊದಲು ಸರ್ವಿಂಗ್ ನೋಡಿ. ಪೂರ್ತಿ ಎಳೆದಾಗಲೇ ದೀಪ ಹೊತ್ತಿಕೊಂಡರೆ, ಹೆದೆ ಎಳೆಯಲು ನಾಕ್ ಇರುವಲ್ಲಿ ಕಟ್ಟಿದ ಕುಣಿಕೆಯಾದ ಡಿ-ಲೂಪ್‌ನ ಎರಡು ಗಂಟುಗಳು ನಾಕ್ ಅನ್ನು ಹಿಸುಕುತ್ತಿವೆ, ಅವನ್ನು ಕೂದಲೆಳೆಯಷ್ಟು ಅಗಲಿಸಬೇಕು.

ಪ್ರತಿ ನಾಕ್ ಅನ್ನೂ ಕನಿಷ್ಠ ಮೂರು ಸಲ ಗುರಿಗೆ ಬಿಟ್ಟು ಹೊತ್ತುತ್ತದೆಯೇ ನೋಡಿ, ಕೂಡಲೇ ಆರಿಸಿ. ಬಾಣ ಕೀಳುವಾಗ ಶಾಫ್ಟ್ ಹಿಡಿದು ಕೀಳಿ. ಒಂದೇ ಚುಕ್ಕೆಗೆ ಎರಡು ಬಾಣ ಬಿಟ್ಟರೆ ಎರಡನೆಯದು ಮೊದಲನೆಯದರ ದೀಪವನ್ನು ಪುಡಿ ಮಾಡುತ್ತದೆ, ಬೇರೆ ಬೇರೆ ಚುಕ್ಕೆಗೆ ಬಿಡಿ.

ಬೇಟೆಯಲ್ಲಿ ಬಾಣ ಬಿಟ್ಟ ಮೇಲೆ ಬೆಳಕಿನ ಗೆರೆ ಎಲ್ಲಿ ನಿಂತಿತು ಎನ್ನುವುದನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಿ. ಆದರೆ ಅದೊಂದನ್ನೇ ನಂಬಬೇಡಿ. ಪ್ರಾಣಿ ತಿರುಗುತ್ತಿದ್ದರೆ ಹೊಕ್ಕ ಜಾಗ ಕಂಡರೂ ಹೊರಬಿದ್ದ ಜಾಗ ಬೇರೆಯೇ ಇರುತ್ತದೆ. ಸದ್ದಡಗಿದ ಮೇಲೆ ಹೊಳೆಯುವ ಬಾಣದ ಬಳಿಗೆ ಹೋಗಿ ಗರಿಗಳನ್ನು ಬಿಳಿ ಕಾಗದದಲ್ಲಿ ಒರೆಸಿ ನೋಡಿ. ಸಣ್ಣ ಗುಳ್ಳೆಗಳಿರುವ ತಿಳಿಗೆಂಪು ಶ್ವಾಸಕೋಶದ್ದು, ಅರ್ಧ ಗಂಟೆ ಸಾಕು. ಕಡುಗೆಂಪು ಯಕೃತ್ತಿನದಾಗಿರಬಹುದು, ನಾಲ್ಕು ಗಂಟೆಯಾದರೂ ಕಾಯಬೇಕು. ಹಸಿರು ಮಿಶ್ರಿತ ಲೋಳೆ, ಹುಳಿತ ಮೇವಿನ ವಾಸನೆ ಬಂದರೆ ಹೊಟ್ಟೆಗೆ ಬಿದ್ದಿದೆ. ಸದ್ದಿಲ್ಲದೆ ಹಿಂದಿರುಗಿ, ಎಂಟರಿಂದ ಹನ್ನೆರಡು ಗಂಟೆ ಬಿಟ್ಟು ಬನ್ನಿ. ಬಾಣ ಮಣ್ಣಿನಲ್ಲೋ ತರಗೆಲೆಯಡಿಯೋ ಪೂರ್ತಿ ಹುದುಗಿದ್ದರೆ ಯಾವ ದೀಪವೂ ಕಾಣದು. ಹಾಗಾಗಿ ಜಿಂಕೆ ನಿಂತಿದ್ದ ಜಾಗವನ್ನು ಒಂದು ಮರಕ್ಕೋ ಕಲ್ಲಿಗೋ ಗುರುತು ಹಚ್ಚಿಕೊಂಡೇ ಇಳಿಯಿರಿ.

ಕಾನೂನನ್ನು ಪ್ರತಿ ವರ್ಷ ನೋಡಿಕೊಳ್ಳಬೇಕು. ಅಮೆರಿಕದ ಪಶ್ಚಿಮದ ಕೆಲವು ರಾಜ್ಯಗಳು ಬಿಲ್ಲು ಬಾಣಕ್ಕೆ ಯಾವುದೇ ವಿದ್ಯುತ್ ಸಾಧನ ಕಟ್ಟುವುದನ್ನು ಬಹುಕಾಲ ನಿಷೇಧಿಸಿದ್ದವು, ನಿಯಮಗಳು ಬದಲಾಗುತ್ತಲೇ ಇವೆ. ಬಿಲ್ಲುಬೇಟೆಯ ದಾಖಲೆ ಇಡುವ ಪೋಪ್ ಅಂಡ್ ಯಂಗ್ ಕ್ಲಬ್ ಕೂಡ 2014ರಲ್ಲಷ್ಟೇ ಹೊಳೆಯುವ ನಾಕ್‌ಗೆ ಒಪ್ಪಿಗೆ ಕೊಟ್ಟಿತು. ರಾಜ್ಯದ ವನ್ಯಜೀವಿ ಇಲಾಖೆಯ ಆ ವರ್ಷದ ನಿಯಮಪುಸ್ತಕದಲ್ಲಿ ಬಿಲ್ಲುಬೇಟೆಯ ಸಲಕರಣೆಯ ಭಾಗವನ್ನು ಓದಿ.

ಸಿಕ್ಕ ಬಾಣವನ್ನು ಮರಳಿ ಬತ್ತಳಿಕೆಗೆ ಸೇರಿಸುವ ಮುನ್ನ ದೀಪ ಆರಿಸಿ, ನಾಕ್‌ನ ಎರಡು ಕಿವಿಗಳನ್ನು ಬೆರಳಿನಿಂದ ಮೆಲ್ಲಗೆ ಅಗಲಿಸಿ ಬೆಳಕಿಗೆ ಹಿಡಿಯಿರಿ. ಬುಡದಲ್ಲಿ ಕೂದಲಿನಷ್ಟು ಬಿರುಕು ಕಂಡರೂ ಅದನ್ನು ಕಿತ್ತೆಸೆಯಿರಿ. ಬಿರುಕುಬಿಟ್ಟ ನಾಕ್ ಮುಂದಿನ ಸಲ ಹೆದೆಯ ಮೇಲೆ ಸೀಳಿದರೆ ಬಾಣವಿಲ್ಲದೆ ಹೆದೆ ಬಿಟ್ಟಂತಾಗಿ, ಬಿಲ್ಲಿನ ತೋಳೇ ಮುರಿಯಬಹುದು.